ಟೊಲ್ವೀನ್ ವಾಸ್ನಿ ಹೋಯ್ತು, ಓಝೋನ್ ವಾಸ್ನಿ ಬಂತು: ನನ್ನ ಅನುಭವ

ನಾನು ಹುಮನಾಬಾದ್ ಇಂಡಸ್ಟ್ರಿಯಲ್ ಏರಿಯಾದಾಗ ಒಂದು ಸಣ್ಣ ಕೆಮಿಕಲ್ ಯೂನಿಟ್‌ನಾಗ ಮೇಂಟೆನೆನ್ಸ್ ನೋಡ್ಕೋತೀನಿ. ಡ್ರೈಯರ್ ಚಾಲೂ ಆತಂದ್ರ ಟೊಲ್ವೀನ್ ಅನ್ನೋ ಸಾಲ್ವೆಂಟಿನ ವಾಸ್ನಿ ಗೇಟ್ ತನಕ ಬರ್ತಿತ್ತು, ವಾಸ್ನಿ ಹೀರೋ ಕಾರ್ಬನ್ ಡ್ರಮ್ ಹಾಕಿದ್ವಿ ಖರೆ ಅದು ಲಗೂನ ತುಂಬಿ ಹೋಗ್ತಿತ್ತು, ಸುಟ್ಟುಬಿಡೋಣ ಅಂದ್ರ ಗಾಳಿ ಭಾಳ, ಟೊಲ್ವೀನ್ ಕಮ್ಮಿ, ಬರೀ 200 ಪಿಪಿಎಂ (ಹತ್ತು ಲಕ್ಷ ಪಾಲಿನಾಗ 200 ಪಾಲು) ಸಲುವಾಗಿ ಅಷ್ಟೂ ಗಾಳಿ 700-800 ಡಿಗ್ರಿಗೆ ಕಾಸ್ಬೇಕಂದ್ರ ಡೀಸೆಲ್ ಬಿಲ್ ಕಟ್ಟೋದ್ರಾಗೇ ಸಾಕಾಗ್ತದ. ಅದಕ್ಕ ಡಕ್ಟ್‌ನಿಂದ ಒಂದು ಸಣ್ಣ ಲೈನ್ ತೆಗೆದು ಪ್ಲಾಸ್ಮಾ, ಅಂದ್ರ ಕರೆಂಟಿನಿಂದ ಗಾಳ್ಯಾಗ ಎಲೆಕ್ಟ್ರಾನ್ ಬಿಡಿಸಿ ಅದರಿಂದ ಟೊಲ್ವೀನ್ ಒಡಿಯೋದು, ಟ್ರೈ ಮಾಡಿದ್ವಿ.

ಕ್ವಾರ್ಟ್ಜ್ ಕೊಳವಿ, ಒಳಗ ಸ್ಟೀಲ್ ರಾಡ್, ಹೊರಗ ಜಾಳಿಗಿ ಸುತ್ತಿ ಅರ್ಥಿಂಗ್, ನಡುವ ಎರಡ್ಮೂರು ಎಂಎಂ ಸಂದಿ. ಹೈ ವೋಲ್ಟೇಜ್ ಎಸಿ ಕೊಟ್ರ ಆ ಸಂದ್ಯಾಗ ನೇರಳಿ ಬೆಳಕು ಬರ್ತದ. ಎಲೆಕ್ಟ್ರಾನ್ ಅಷ್ಟೇ ಬಿಸಿ, ಗಾಳಿ ತಣ್ಣಗೇ ಇರ್ತದ. ಹೊಸದೇನಲ್ಲ ಬಿಡ್ರಿ, 1857ರಾಗೇ ಜರ್ಮನಿಯ ವರ್ನರ್ ಸೀಮೆನ್ಸ್ ಇಂಥದ್ರಾಗೇ ಆಕ್ಸಿಜನ್‌ನಿಂದ ಓಝೋನ್ ಮಾಡಿದ್ದ.

ಮೊದಲ ದಿನ ಟೊಲ್ವೀನ್ ಮೀಟರ್ ಸರ್ರನ ಇಳೀತು, ಎಲ್ಲರೂ ಖುಷ್. ಹತ್ತು ಮಿನಿಟ್‌ನಾಗ ಗಂಟಲು ಉರೀಲಿಕ್ಕತ್ತು. ಓಝೋನ್! ಎಂಟು ತಾಸಿನ ಶಿಫ್ಟಿಗೆ 0.1 ಪಿಪಿಎಂ ದಾಟಬಾರದು ಅಂತಾರ, ನಮ್ಮಲ್ಲಿ ಅದರ ಲೆಕ್ಕಾನೇ ಇರ್ಲಿಲ್ಲ. ಮ್ಯಾಲ ಇನ್ನೊಂದು, ಒಂದು ಟೊಲ್ವೀನ್‌ನಾಗ ಏಳು ಕಾರ್ಬನ್, ಪೂರಾ ಸುಟ್ರ 200ಕ್ಕ 1400 ಪಿಪಿಎಂ ಕಾರ್ಬನ್ ಡೈಆಕ್ಸೈಡ್ ಬರ್ಬೇಕು, ಅರ್ಧಾನೂ ಬರ್ಲಿಲ್ಲ. ಕೊಳವಿ ಬಿಚ್ಚಿ ನೋಡಿದ್ರ ಒಳಗ ಬೆಲ್ಲದ ಕಡಾಯಿ ತಳಕ್ಕ ಹತ್ತಿದಂಗ ಕಂದು ಅಂಟು, ಉಗುರಿಲೆ ಕೆರದ್ರೂ ಬಿಡವಲ್ದು. ಅಂದ್ರ ಟೊಲ್ವೀನ್ ಹೋಗಿರ್ಲಿಲ್ಲ, ವೇಷ ಬದಲಿ ಮಾಡಿತ್ತು.

ಆಮ್ಯಾಲ ಕ್ಯಾಟಲಿಸ್ಟ್, ಅಂದ್ರ ತಾನು ಖರ್ಚಾಗದ ರಿಯಾಕ್ಷನ್ ಜೋರು ಮಾಡೋ ವಸ್ತು. ಅಲ್ಯುಮಿನಾ ಗುಳಿಗಿ ಮ್ಯಾಂಗನೀಸ್ ನೈಟ್ರೇಟ್ ನೀರಾಗ ನೆನಸಿ, ರಾತ್ರಿಯಿಡೀ 110 ಡಿಗ್ರಿದಾಗ ಒಣಗಿಸಿ, ಭಟ್ಟಿದಾಗ 500ಕ್ಕ ಕಾಸಿದ್ವಿ. ಕಾಸುವಾಗ ಕೆಂಪು-ಕಂದು ಹೊಗಿ ಬರ್ತದ, ಎಕ್ಸಾಸ್ಟ್ ಫ್ಯಾನ್ ಇಲ್ದ ಮಾಡಬ್ಯಾಡ್ರಿ, ನಾವು ಕೆಮ್ಮಿ ಕೆಮ್ಮಿ ಕಲ್ತೀವಿ. ಆ ಕರಿ ಗುಳಿಗಿ ಪ್ಲಾಸ್ಮಾ ದಾಟಿದ ಮ್ಯಾಲೆ ಒಂದು ಡಬ್ಬಿದಾಗ ತುಂಬಿದ್ವಿ. ಗುಳಿಗಿ ಮ್ಯಾಲಿನ ಮ್ಯಾಂಗನೀಸ್ ಆಕ್ಸೈಡ್ ಓಝೋನ್ ಒಡೀತದ, ಒಡದಾಗ ಅದರ ಮೈಮ್ಯಾಲ ಉಳಿಯೋ ಆಕ್ಸಿಜನ್ ಅರ್ಧಮರ್ಧ ಉಳಿದ ಟೊಲ್ವೀನ್ ಸುಡ್ತದ, ನಾವು ಬೈಲಿಕ್ಕತ್ತಿದ್ದ ಓಝೋನೇ ಕೆಲಸಕ್ಕ ಬಂತು ನೋಡ್ರಿ.

ಜುಲೈದಾಗ ಮಳಿ ಹತ್ತಿದ್ದೇ ಮತ್ತ ಗಂಟಲು ಉರಿ. ಹಸಿ ಗಾಳಿ, ಗುಳಿಗಿ ಮ್ಯಾಲ ನೀರು ಕುಂತು ಓಝೋನ್‌ಗೆ ಜಾಗಾನೇ ಕೊಡವಲ್ದು. ಡಬ್ಬಿಗೆ ಹೀಟಿಂಗ್ ಟೇಪ್ ಸುತ್ತಿ 90 ಡಿಗ್ರಿ ಇಟ್ಟ ಮ್ಯಾಲೆ ಸುಧಾರಿಸ್ತು.

ಡಿಸಿಎಂ (ಡೈಕ್ಲೋರೋಮೀಥೇನ್ ಅನ್ನೋ ಇನ್ನೊಂದು ಸಾಲ್ವೆಂಟ್) ಲೈನ್ ಮಾತ್ರ ಇನ್ನೂ ಕಾರ್ಬನ್ ಡ್ರಮ್ಮಿಗೇ ಹೋಗ್ತದ. ಅದರಾಗ ಕ್ಲೋರಿನ್ ಅದ, ಪ್ಲಾಸ್ಮಾಕ್ಕ ಕೊಟ್ರ ಎಚ್‌ಸಿಎಲ್ ಆಸಿಡ್ ಬರ್ತದ, ಫಾಸ್ಜೀನ್ ಅನ್ನೋ ವಿಷದ ಗ್ಯಾಸ್ ಆದ್ರೂ ಆಗಬಹುದು. ಸೂಪರ್‌ವೈಸರ್ ಎರಡು ಸಲ "ಅದನ್ನೂ ಜೋಡಸ್ರಿ" ಅಂದ್ರು. ಆ ವಾಲ್ವಿಗೆ ಕೀಲಿ ಜಡದು ಕೀಲಿಕೈ ನನ್ನ ಕಿಸೇದಾಗ ಇಟ್ಕೊಂಡೀನಿ.