ಹಿನ್ನೀರಿನ ಮೀನುಗಾರರ ಸಂಪಾದನೆ ಕೈಯಲ್ಲಿ ಉಳಿಯಬೇಕಾದರೆ

ಒಂದು ದೋಣಿ, ನಾಲ್ಕೈದು ಬಲೆ ನಂಬಿಕೊಂಡು ಜಲಾಶಯದಲ್ಲಿ ದುಡಿಯುವ ಕುಟುಂಬಕ್ಕೆ ಮೀನು ಚೆನ್ನಾಗಿ ಸಿಕ್ಕ ದಿನವೂ ದುಡ್ಡು ನಿಲ್ಲುವುದಿಲ್ಲ. ಹೆಚ್ಚಿನ ಹಣ ಸೋರಿಹೋಗುವುದು ದಡಕ್ಕೆ ಬಂದ ಮೇಲೆ. ಅದಕ್ಕೇ ದಡದಿಂದಲೇ ಶುರು ಮಾಡೋಣ.

1. ಮುಂಗಡದ ನಿಜವಾದ ಬಡ್ಡಿ ಲೆಕ್ಕ ಹಾಕಿ. ಬಲೆ ಕೊಳ್ಳಲು ಸಾಲ ಕೊಟ್ಟ ದಲ್ಲಾಳಿ ‘ಬಡ್ಡಿ ಬೇಡ, ಮೀನು ನನಗೇ ಹಾಕು’ ಅನ್ನುತ್ತಾನೆ. ಬಡ್ಡಿ ಇರುವುದು ಅವನು ಕೊಡುವ ದರದಲ್ಲಿ. ಒಂದು ನೋಟ್‌ಬುಕ್ಕಿನಲ್ಲಿ ದಿನದ ತೂಕ, ಸಿಕ್ಕ ದರ, ಅದೇ ದಿನದ ಪೇಟೆ ದರ ಬರೆದಿಡಿ. ಎರಡು ದರಗಳ ವ್ಯತ್ಯಾಸವನ್ನು ಒಟ್ಟು ಕಿಲೋದಿಂದ ಗುಣಿಸಿ. ವರ್ಷಕ್ಕೆ ಬರುವ ಆ ಮೊತ್ತವೇ ನೀವು ಕಟ್ಟುತ್ತಿರುವ ಬಡ್ಡಿ. ಮೀನುಗಾರರ ಸಂಘದಲ್ಲೋ ಬ್ಯಾಂಕಿನಲ್ಲೋ ಸಾಲ ಕೇಳುವಾಗ ಈ ಪುಸ್ತಕ ಜೊತೆಗಿರಲಿ. ವರಮಾನಕ್ಕೆ ಬೇರೆ ದಾಖಲೆ ಇಲ್ಲದವರಿಗೆ ಇದೇ ಆಧಾರ.

2. ಐಸ್ ವಿಷಯದಲ್ಲಿ ಜಿಪುಣತನ ಬೇಡ. ಕೆಡುತ್ತಿರುವ ಮೀನು ಕೈಯಲ್ಲಿದ್ದರೆ ಚೌಕಾಸಿ ಮಾಡಲು ಆಗುವುದಿಲ್ಲ, ಅಲ್ವಾ? ಬಲೆಗೆ ಬಿದ್ದು ಸತ್ತ ಮೀನು ಬೆಚ್ಚಗಿನ ನೀರಿನಲ್ಲೇ ಕೆಡಲು ಶುರುವಾಗುತ್ತದೆ. ಬಿಸಿಲೇರುವ ಮುಂಚೆ ಬಲೆ ಎತ್ತಿ. ಸೆಕೆ ಜಾಸ್ತಿ ಇರುವ ಕಡೆ ಒಂದು ಕಿಲೋ ಮೀನಿಗೆ ಒಂದು ಕಿಲೋ ಐಸ್ ಬೇಕು. ಪೆಟ್ಟಿಗೆಯ ತಳಕ್ಕೆ ಪುಡಿ ಮಾಡಿದ ಐಸ್, ಅದರ ಮೇಲೆ ಒಂದು ಸಾಲು ಮೀನು, ಮತ್ತೆ ಐಸ್. ಕೊನೆಯ ಪದರ ಐಸೇ ಆಗಿರಲಿ. ದೊಡ್ಡ ಗಡ್ಡೆ ಹಾಕಿದರೆ ಮೀನಿನ ಮೈಗೆ ಸರಿಯಾಗಿ ತಾಗುವುದಿಲ್ಲ, ಮೂಲೆ ಚುಚ್ಚಿ ಮಾಂಸವೂ ಹಾಳಾಗುತ್ತದೆ. ತಳದಲ್ಲಿ ತೂತು ಇರಲೇಬೇಕು, ಕೊಳಕು ನೀರಿನಲ್ಲಿ ನೆನೆದ ಮೀನು ಬೇಗ ಕೆಡುತ್ತದೆ. ಹೀಗೆ ಇಟ್ಟ ಮೀನಿನ ಕಿವಿರು ಮರುದಿನವೂ ಕೆಂಪಗಿರುತ್ತದೆ, ಬೆರಳಲ್ಲಿ ಒತ್ತಿದ ಗುಳಿ ಮೇಲೆದ್ದು ಬರುತ್ತದೆ. ಇಂದಿನ ದರ ಒಪ್ಪಿಗೆಯಾಗದಿದ್ದರೆ ನಾಳೆ ಮಾರಬಹುದು.

3. ತೂಕದ ಯಂತ್ರ ನಿಮ್ಮದೇ ಇರಲಿ. ಐದಾರು ದೋಣಿಯವರು ಸೇರಿ ಒಂದು ಕೊಂಡರೆ ಸಾಕು. ಆಮೇಲೆ ಮೀನನ್ನೂ ಒಟ್ಟಿಗೇ ಮಾರಿ. ಪೇಟೆಗೆ ಸಾಗಿಸುವ ಖರ್ಚು ಹಂಚಿಹೋಗುತ್ತದೆ.

4. ಬಲೆಕಣ್ಣು ಅಳೆಯಿರಿ. ಒದ್ದೆ ಬಲೆಯ ಒಂದು ಕಣ್ಣನ್ನು ಬಿಗಿಯಾಗಿ ಎಳೆದು ಒಂದು ಗಂಟಿನಿಂದ ಎದುರಿನ ಗಂಟಿಗೆ ಅಳೆಯಿರಿ, ನಿಮ್ಮ ಜಲಾಶಯದ ನಿಯಮಕ್ಕೆ ಹೋಲಿಸಿ. ಒಮ್ಮೆಯೂ ಮೊಟ್ಟೆ ಇಡದ ಮೀನುಗಳೇ ಬಲೆ ತುಂಬ ಬರುತ್ತಿದ್ದರೆ ಮುಂದಿನ ವರ್ಷದ ಸಂಪಾದನೆಯನ್ನು ಈಗಲೇ ತಿನ್ನುತ್ತಿದ್ದೀರಿ. ಜಲಾಶಯಕ್ಕೆ ಮೀನುಮರಿ ಬಿಡುವ ದಿನ ಸಂಘದವರು ಖುದ್ದಾಗಿ ನಿಂತು ಎಣಿಸಿ, ಉದ್ದವನ್ನೂ ನೋಡಿ. 10 ಸೆಂ.ಮೀ.ಗಿಂತ ಸಣ್ಣ ಮರಿಗಳಲ್ಲಿ ಹೆಚ್ಚಿನವು ಬೇಟೆಗಾರ ಮೀನುಗಳ ಪಾಲಾಗುತ್ತವೆ.

5. ಖಾಲಿ ತಿಂಗಳುಗಳಿಗೆ ಮೊದಲೇ ಎತ್ತಿಡಿ. ನೀರು ಇಳಿದಾಗ ಮೀನು ಒಂದೆಡೆ ಸೇರಿ ರಾಶಿ ಸಿಗುತ್ತದೆ, ದರವೂ ಬೀಳುತ್ತದೆ. ಮೊಟ್ಟೆಯಿಡುವ ಕಾಲದಲ್ಲಿ ಹಲವೆಡೆ ಮೀನುಗಾರಿಕೆಗೇ ನಿಷೇಧ. ಮಾರಿದ ದಿನವೇ ಒಂದು ಪಾಲು ಗುಂಪಿನ ಉಳಿತಾಯಕ್ಕೆ ಹೋಗಲಿ. ಸಂಜೆ ನೋಡೋಣ ಅಂದರೆ ಉಳಿಯುವುದಿಲ್ಲ.

6. ಹಕ್ಕನ್ನು ಕಾಗದದಲ್ಲಿ ಕೇಳಿ. ಜಲಾಶಯ ಗುತ್ತಿಗೆ ಬದಲಾದಾಗ ಮೊದಲು ಹೊರಬೀಳುವವರು ಲೈಸೆನ್ಸ್ ಇಲ್ಲದವರು. ಬಲೆ ಹೆಣೆದು, ಮೀನು ಒಣಗಿಸಿ, ಮಾರಾಟ ಮಾಡುವ ಹೆಂಗಸರ ಹೆಸರೂ ಸಂಘದ ಪಟ್ಟಿಯಲ್ಲಿರಲಿ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2014ರಲ್ಲಿ ಒಪ್ಪಿದ ಸಣ್ಣ ಮೀನುಗಾರಿಕೆಯ ಮಾರ್ಗಸೂಚಿ ಒಳನಾಡಿಗೂ ಅನ್ವಯಿಸುತ್ತದೆ. ಅದು ಕಾನೂನಲ್ಲ. ಆದರೂ ಲೈಸೆನ್ಸ್ ಅರ್ಜಿಯಲ್ಲಿ ಅದನ್ನು ಹೆಸರಿಸಿ, ಸ್ವೀಕೃತಿ ಪತ್ರ ಪಡೆದೇ ಕಚೇರಿಯಿಂದ ಹೊರಡಿ.