ಥರ್ಮಾಮೀಟರ್ ಹೇಳುವುದು ತನ್ನ ಬಿಸಿಯನ್ನೇ

ಬಯಲಿನಲ್ಲಿ ಹವಾಮಾನ ಅಳೆಯಲು ಹೊಸದಾಗಿ ಬಂದವರಿಗೆ ನಾನು ಮೊದಲು ಹೇಳುವುದು ಇಷ್ಟೇ. ಥರ್ಮಾಮೀಟರ್ ಗಾಳಿಯ ಉಷ್ಣತೆ ಹೇಳುವುದಿಲ್ಲ, ತನ್ನ ಉಷ್ಣತೆ ಹೇಳುತ್ತದೆ. ಇವೆರಡೂ ಒಂದೇ ಆಗುವ ಹಾಗೆ ನೋಡಿಕೊಳ್ಳುವುದು ನಮ್ಮ ಕೆಲಸ. ಬ್ಯಾಗಿನಲ್ಲಿರುವ ಬೇರೆ ಉಪಕರಣಗಳ ಕಥೆಯೂ ಹೆಚ್ಚುಕಮ್ಮಿ ಹೀಗೇ.

ಬಿಸಿಲಿಗೆ ಹಿಡಿದ ಸೆನ್ಸರ್ ಕಾಯುತ್ತದೆ. ಗಾಳಿ ಬೀಸುತ್ತಿದ್ದರೆ ಆ ಕಾವು ಬೇಗ ಇಳಿಯುತ್ತದೆ, ಗಾಳಿ ನಿಂತಿದ್ದರೆ ಅಲ್ಲೇ ಉಳಿಯುತ್ತದೆ. ಅದಕ್ಕೇ ಗಾಳಿಯಿಲ್ಲದ ಮಧ್ಯಾಹ್ನದ ರೀಡಿಂಗ್ ಬಗ್ಗೆ ನನಗೆ ಯಾವಾಗಲೂ ಅನುಮಾನ ಜಾಸ್ತಿ. 1860ರ ದಶಕದಲ್ಲಿ ಥಾಮಸ್ ಸ್ಟೀವನ್ಸನ್ ರೂಪಿಸಿದ ಬಿಳಿ ಮರದ ಪೆಟ್ಟಿಗೆ ಈ ತೊಂದರೆಗೆ ಒಳ್ಳೆಯ ಪರಿಹಾರ. ಅದರ ಗೋಡೆಗಳಿಗೆ ಓರೆ ಪಟ್ಟಿಗಳಿರುತ್ತವೆ. ಗಾಳಿ ಒಳಗೆ ಬರುತ್ತದೆ, ಬಿಸಿಲು ಬರುವುದಿಲ್ಲ. ಆದರೆ ಅದನ್ನು ಹೊತ್ತು ತಿರುಗಲಾಗುವುದಿಲ್ಲ, ಅಲ್ವಾ? ನಾನು ಒಂದರ ಮೇಲೊಂದು ಜೋಡಿಸಿದ ಬಿಳಿ ತಟ್ಟೆಗಳ ಸಣ್ಣ ಕವಚವನ್ನು ಮುಕ್ಕಾಲಿಯ ಮೇಲೆ ನಿಲ್ಲಿಸುತ್ತೇನೆ. ಎತ್ತರ ಸುಮಾರು 1.5 ಮೀಟರ್. ವಿಶ್ವ ಹವಾಮಾನ ಸಂಸ್ಥೆ ಹೇಳುವುದು 1.25ರಿಂದ 2 ಮೀಟರ್. ಕೆಳಗೆ ಹುಲ್ಲು ಇರಬೇಕು. ಬಂಡೆ, ಟಾರು, ಗೋಡೆ ಹತ್ತಿರ ಇದ್ದರೆ ಅವುಗಳ ಕಾವೂ ಲೆಕ್ಕಕ್ಕೆ ಸೇರಿಕೊಳ್ಳುತ್ತದೆ. ವಾಹನದಿಂದ ಇಳಿಸಿದ ತಕ್ಷಣ ಓದುವುದಿಲ್ಲ. ಅಂಕಿ ಏರುವುದೋ ಇಳಿಯುವುದೋ ನಿಲ್ಲುವವರೆಗೆ ಕಾಯುತ್ತೇನೆ.

ತೇವಾಂಶಕ್ಕೆ ನನ್ನ ನೆಚ್ಚಿನ ಉಪಕರಣ ಕೈಯಲ್ಲಿ ಗಿರಗಿರ ತಿರುಗಿಸುವ ಜೋಡಿ ಥರ್ಮಾಮೀಟರ್. ಒಂದರ ಬಲ್ಬ್ ಒಣಗಿರುತ್ತದೆ, ಇನ್ನೊಂದಕ್ಕೆ ಒದ್ದೆ ಬಟ್ಟೆಯ ಬತ್ತಿ ಸುತ್ತಿರುತ್ತದೆ. ನೀರು ಆರುವಾಗ ಒದ್ದೆ ಬಲ್ಬ್ ತಣ್ಣಗಾಗುತ್ತದೆ. ಗಾಳಿ ಒಣಗಿದಷ್ಟೂ ಎರಡರ ನಡುವಿನ ಅಂತರ ಜಾಸ್ತಿ. ಬ್ಯಾಟರಿ ಬೇಡ. ಕಣ್ಣಿಗೆ ಕಾಣುವ ಭೌತವಿಜ್ಞಾನ ಇದು, ಹಾಗಾಗಿ ನನಗೆ ತುಂಬಾ ಇಷ್ಟ. ಆದರೆ ಬತ್ತಿ ವಿಷಯದಲ್ಲಿ ಅದು ಬಹಳ ಸೂಕ್ಷ್ಮ. ಒಂದು ಲೆಕ್ಕ ನೋಡಿ. ಸಮುದ್ರಮಟ್ಟದ ಒತ್ತಡದಲ್ಲಿ ಒಣ ಬಲ್ಬ್ 30 ಡಿಗ್ರಿ, ಒದ್ದೆ ಬಲ್ಬ್ 24 ಡಿಗ್ರಿ ಸೆಲ್ಸಿಯಸ್ ತೋರಿಸಿದರೆ ಸಾಪೇಕ್ಷ ತೇವಾಂಶ, ಅಂದರೆ ಆ ಉಷ್ಣತೆಯಲ್ಲಿ ಗಾಳಿಯಲ್ಲಿ ಇರಬಹುದಾದ ಗರಿಷ್ಠ ನೀರಾವಿಯಲ್ಲಿ ಈಗ ಇರುವ ಪಾಲು, ಸುಮಾರು ಶೇ. 61. ಬತ್ತಿ ಕೊಳೆಯಾಗಿ, ಒದ್ದೆ ಬಲ್ಬ್ 24ರ ಬದಲು 25ಕ್ಕೆ ನಿಂತಿತು ಅಂದುಕೊಳ್ಳಿ. ತೇವಾಂಶ ಶೇ. 67 ಆಗಿಬಿಡುತ್ತದೆ. ಒಂದು ಡಿಗ್ರಿಗೆ ಇಷ್ಟು ವ್ಯತ್ಯಾಸ!

ಹಾಗಾಗಿ ಬತ್ತಿಗೆ ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕುತ್ತೇನೆ. ಸಾಮಾನ್ಯ ನೀರಿನ ಲವಣಗಳು ಬಟ್ಟೆಯಲ್ಲಿ ಉಳಿದು ಅದನ್ನು ಗಟ್ಟಿ ಮಾಡುತ್ತವೆ. ಬಟ್ಟೆ ಬಿರುಸಾಯಿತು ಅನ್ನಿಸಿದರೆ ಬದಲಿಸುತ್ತೇನೆ. ನೆರಳಿನಲ್ಲಿ ನಿಂತು, ಗಾಳಿಗೆ ಮುಖ ಕೊಟ್ಟು, ಮೈಯಿಂದ ದೂರ ಹಿಡಿದು ತಿರುಗಿಸುತ್ತೇನೆ. ನಿಲ್ಲಿಸಿದ ಕೂಡಲೇ ಮೊದಲು ಒದ್ದೆ ಬಲ್ಬ್ ಓದಬೇಕು, ಏಕೆಂದರೆ ತಿರುಗುವುದು ನಿಂತ ಕ್ಷಣದಿಂದಲೇ ಅದು ಏರತೊಡಗುತ್ತದೆ. ಮತ್ತೆ ತಿರುಗಿಸಿ ಓದುತ್ತೇನೆ. ಬೆನ್ನುಬೆನ್ನಿಗೆ ಎರಡು ಸಲ ಒಂದೇ ಅಂಕಿ ಬಂದರೆ ಮಾತ್ರ ಬರೆದುಕೊಳ್ಳುತ್ತೇನೆ.

ಎಲೆಕ್ಟ್ರಾನಿಕ್ ತೇವಾಂಶ ಸೆನ್ಸರ್ ಕೂಡ ಬಳಸುತ್ತೇನೆ, ಆದರೆ ಸುಮ್ನೆ ನಂಬುವುದಿಲ್ಲ. ಅಡುಗೆ ಉಪ್ಪಿಗೆ ಸ್ವಲ್ಪವೇ ನೀರು ಹಾಕಿ ಒದ್ದೆ ಮರಳಿನಂತೆ ಮಾಡಿ, ಸೆನ್ಸರ್ ಜೊತೆ ಬಿಗಿ ಮುಚ್ಚಳದ ಡಬ್ಬಿಯಲ್ಲಿ ರಾತ್ರಿಯಿಡೀ ಇಡುತ್ತೇನೆ. ಉಪ್ಪು ಸೆನ್ಸರ್‌ಗೆ ತಾಗಬಾರದು, ಕೋಣೆಯ ಉಷ್ಣತೆ ಬದಲಾಗುತ್ತಿರಬಾರದು. 25 ಡಿಗ್ರಿಯಲ್ಲಿ ಆ ಡಬ್ಬಿಯೊಳಗಿನ ತೇವಾಂಶ ಶೇ. 75ರ ಆಸುಪಾಸು ನಿಲ್ಲುತ್ತದೆ. ಸೆನ್ಸರ್ 80 ತೋರಿಸಿದರೆ ಅದನ್ನು ಸರಿಪಡಿಸದೆ ಹೊರಗೆ ಒಯ್ಯುವುದಿಲ್ಲ. ಥರ್ಮಾಮೀಟರ್‌ಗೆ ಇದಕ್ಕಿಂತ ಸುಲಭದ ಪರೀಕ್ಷೆ ಇದೆ. ಪುಡಿ ಮಾಡಿದ ಮಂಜುಗಡ್ಡೆಗೆ ಡಿಸ್ಟಿಲ್ಡ್ ವಾಟರ್ ಸೇರಿಸಿ ಕಲಕಿ ಅದರಲ್ಲಿ ಅದ್ದಿದರೆ ಸೊನ್ನೆ ಬರಬೇಕು.

ಗಾಳಿಯ ಒತ್ತಡ ಅಳೆಯುವುದು ಇವುಗಳ ಮುಂದೆ ನಿರಾಳ. ಬಿಸಿಲು, ನೆರಳಿನ ರಗಳೆ ಕಡಿಮೆ. ನಾವು ನಿಂತ ಜಾಗದ ಎತ್ತರ ಮಾತ್ರ ಸರಿಯಾಗಿ ಗೊತ್ತಿರಬೇಕು, ಏಕೆಂದರೆ ಬೇರೆಬೇರೆ ಜಾಗಗಳ ಒತ್ತಡ ಹೋಲಿಸಲು ಎಲ್ಲವನ್ನೂ ಸಮುದ್ರಮಟ್ಟಕ್ಕೆ ಇಳಿಸಿ ಲೆಕ್ಕ ಹಾಕುತ್ತೇವೆ. ಸಮುದ್ರಮಟ್ಟದ ಹತ್ತಿರ ಪ್ರತಿ 8 ಮೀಟರ್ ಮೇಲೆ ಹೋದರೆ ಒತ್ತಡ ಸುಮಾರು 1 ಹೆಕ್ಟೋಪ್ಯಾಸ್ಕಲ್ (ಒತ್ತಡ ಅಳೆಯುವ ಮಾನ) ಇಳಿಯುತ್ತದೆ. ಫೋನ್ ತೋರಿಸುವ ಎತ್ತರದಲ್ಲಿ 20 ಮೀಟರ್ ತಪ್ಪಿದ್ದರೆ, ಸಮುದ್ರಮಟ್ಟಕ್ಕೆ ಇಳಿಸಿ ಲೆಕ್ಕ ಹಾಕಿದ ಒತ್ತಡದಲ್ಲಿ ಎರಡೂವರೆ ಹೆಕ್ಟೋಪ್ಯಾಸ್ಕಲ್ ತಪ್ಪು ಬಂದ ಹಾಗೇ.

ಗಾಳಿಯ ವೇಗ ಅಳೆಯುವುದು ಹಾಗಲ್ಲ. ಹವಾಮಾನ ಕೇಂದ್ರದಲ್ಲಿ ಬಯಲಿನ ನಡುವೆ 10 ಮೀಟರ್ ಎತ್ತರದಲ್ಲಿ ಅಳೆಯುತ್ತಾರೆ. ನಾವು ಕೈಯಲ್ಲಿ ಹಿಡಿಯುವುದು ಹೆಚ್ಚೆಂದರೆ 2 ಮೀಟರ್. ಗಿಡ್ಡ ಹುಲ್ಲಿನ ಬಯಲಿನಲ್ಲಿ 2 ಮೀಟರ್ ಎತ್ತರದ ವೇಗ, ಮೇಲಿನ ವೇಗದ ಸುಮಾರು ಮುಕ್ಕಾಲು ಭಾಗ ಇರುತ್ತದೆ. ಎರಡನ್ನೂ ಒಂದೇ ಸಾಲಿನಲ್ಲಿ ಬರೆದರೆ ಅರ್ಥವಿಲ್ಲ, ಹಾಗಾಗಿ ಎತ್ತರವನ್ನೂ ಜೊತೆಗೇ ಬರೆಯುತ್ತೇನೆ. ಮರ ಅಥವಾ ಕಟ್ಟಡ ಇದ್ದರೆ ಅದರ ಎತ್ತರದ ಹತ್ತು ಪಟ್ಟು ದೂರ ಹೋಗಲು ನೋಡುತ್ತೇನೆ. ಮೀಟರ್ ಹಿಡಿದ ಕೈಯನ್ನು ಪಕ್ಕಕ್ಕೆ ಚಾಚುತ್ತೇನೆ, ಏಕೆಂದರೆ ನಮ್ಮ ಮೈಯೇ ಗಾಳಿಗೆ ಅಡ್ಡಗೋಡೆ. ಒಂದು ಕ್ಷಣದ ಅಂಕಿ ಬರೆಯುವುದಿಲ್ಲ, ಎರಡು ನಿಮಿಷದ ಸರಾಸರಿ ತೆಗೆದುಕೊಳ್ಳುತ್ತೇನೆ. ಆಮೇಲೆ ಸುತ್ತಲೂ ಕಣ್ಣಾಡಿಸುತ್ತೇನೆ. ಸುತ್ತ ಕಾಣುವುದನ್ನು ನೋಡಿ ಗಾಳಿಯ ವೇಗ ಅಂದಾಜಿಸುವ ಬೋಫರ್ಟ್ ಮಾಪನದ ಪ್ರಕಾರ ಎಲೆಗಳು, ಸಣ್ಣ ಕಡ್ಡಿಗಳು ಸತತ ಅಲುಗಾಡುತ್ತಿದ್ದರೆ ಗಾಳಿ ಗಂಟೆಗೆ 12ರಿಂದ 19 ಕಿಲೋಮೀಟರ್. ಧೂಳು, ಕಾಗದ ಮೇಲೇಳುತ್ತಿದ್ದರೆ 20ರಿಂದ 28. ಮೀಟರ್ ಹೇಳುವುದಕ್ಕೂ ಮರ ಹೇಳುವುದಕ್ಕೂ ತಾಳೆಯಾಗದಿದ್ದರೆ ಮೊದಲು ಮೀಟರ್‌ನ ಚಕ್ರ ಬಿಗಿಯಾಗಿದೆಯೇ ನೋಡುತ್ತೇನೆ.

ಮಳೆಮಾಪಕಕ್ಕೆ ಗಾಳಿಯೇ ದೊಡ್ಡ ಶತ್ರು. ಹನಿಗಳು ಬಾಯಿಯ ಮೇಲಿಂದ ಹಾರಿಹೋಗುತ್ತವೆ, ಡಬ್ಬಿಗೆ ಬಿದ್ದದ್ದು ನೆಲಕ್ಕೆ ಬಿದ್ದದ್ದಕ್ಕಿಂತ ಕಡಿಮೆ. ಅದಕ್ಕೆ ಪೂರ್ತಿ ಬಟಾಬಯಲೂ ಒಳ್ಳೆಯದಲ್ಲ, ಮರದ ಬುಡವೂ ಒಳ್ಳೆಯದಲ್ಲ. ಪುಟ್ಟ ತೊಟ್ಟಿ ತುಂಬಿ ಮಗುಚುವಾಗ ಎಣಿಸುವ ಮಾಪಕ ನನ್ನ ಹತ್ತಿರ ಇದೆ. ಬಾಯಿಯ ಅಗಲ 200 ಮಿಲಿಮೀಟರ್, ಒಂದು ಮಗುಚಿಗೆ 0.2 ಮಿಲಿಮೀಟರ್ ಮಳೆ. ಮಳೆಗಾಲಕ್ಕೆ ಮೊದಲು ಅದಕ್ಕೆ 314 ಮಿಲಿಲೀಟರ್ ನೀರನ್ನು ಹನಿಹನಿಯಾಗಿ, ಅರ್ಧ ಗಂಟೆಗೂ ಹೆಚ್ಚು ಹೊತ್ತು ಬಿಡುತ್ತೇನೆ. ಅದು 10 ಮಿಲಿಮೀಟರ್ ಮಳೆಗೆ ಸಮ, ಹಾಗಾಗಿ 50 ಎಣಿಕೆ ಬರಬೇಕು. ಒಮ್ಮೆಗೇ ಸುರಿದರೆ ಎಣಿಕೆ ಕಡಿಮೆಯಾಗುತ್ತದೆ, ಏಕೆಂದರೆ ತೊಟ್ಟಿ ಮಗುಚುತ್ತಿರುವಾಗಲೂ ನೀರು ಬೀಳುತ್ತಲೇ ಇರುತ್ತದೆ. ಜಡಿಮಳೆಯಲ್ಲಿ ಇಂಥ ಮಾಪಕ ಕಡಿಮೆ ತೋರಿಸುವುದಕ್ಕೂ ಇದೇ ಕಾರಣ.

ಪುಸ್ತಕದಲ್ಲಿ ಅಂಕಿಯ ಜೊತೆ ಸಮಯ, ಎತ್ತರ, ಮೋಡ, ಉಪಕರಣದ ನಂಬರ್ ಇಷ್ಟೂ ಬರೆಯುತ್ತೇನೆ. ಹೊಸ ಸೆನ್ಸರ್ ಬಂದರೆ ಹಳೆಯದನ್ನು ತಕ್ಷಣ ಕಳಚುವುದಿಲ್ಲ. ಕೆಲವು ವಾರ ಎರಡನ್ನೂ ಪಕ್ಕಪಕ್ಕ ಓಡಿಸಿ, ಬಿಸಿಲಿನ ದಿನ, ಮೋಡದ ದಿನ, ರಾತ್ರಿ ಎಷ್ಟೆಷ್ಟು ವ್ಯತ್ಯಾಸ ಬರುತ್ತದೆ ಎಂದು ಬೇರೆಬೇರೆಯಾಗಿ ಬರೆದಿಟ್ಟುಕೊಂಡು, ಆಮೇಲೆ ಬದಲಿಸುತ್ತೇನೆ.