ಮಾರ್ಬಲ್ ಒಪ್ಪಿಕೊಳ್ಳುವ ಮುಂಚೆ ಒಂದು ಚೊಂಬು ನೀರು ಹೊಯ್ದು ನೋಡಿ

ಈಗಿನವರು ಮಾರ್ಬಲ್ ಆರಿಸುವುದನ್ನು ನೋಡಿದರೆ ನನಗೆ ಮೈ ಉರಿಯುತ್ತದೆ. ಫೋನಿನಲ್ಲಿ ಯಾರದೋ ಅಡುಗೆಮನೆಯ ಫೋಟೋ ನೋಡುತ್ತಾರೆ. ಬಿಳಿ ಕಲ್ಲು, ಬೂದು ಗೆರೆ, ಇದೇ ಬೇಕು ಅಂತಾರೆ. ಅಂಗೈಯಗಲದ ಸ್ಯಾಂಪಲ್ ಚೂರು ಹಿಡಿದು ನೋಡಿ ಆರ್ಡರ್ ಕೊಟ್ಟು ಬರುತ್ತಾರೆ. ಕಲ್ಲು ಮನೆಗೆ ಬಂದ ಮೇಲೆ "ಇದು ಹಾಗಿಲ್ವಲ್ಲ" ಅಂತ ಮುಖ ಸಪ್ಪೆ ಮಾಡಿಕೊಂಡು ಕೂರುತ್ತಾರೆ. ಹಾಗೇ ಇರೋಕೆ ಅದೇನು ಅಚ್ಚು ಹಾಕಿದ ಟೈಲ್ಸಾ? ಒಂದೇ ಗಣಿಯಿಂದ ಬಂದ ಎರಡು ಸ್ಲ್ಯಾಬ್ ಕೂಡ ಒಂದೇ ತರಹ ಇರುವುದಿಲ್ಲ. ನಿಮ್ಮ ಮನೆಗೆ ಬರುವ ಸ್ಲ್ಯಾಬ್ ಯಾವುದೋ ಅದನ್ನೇ, ಪೂರ್ತಿಯಾಗಿ, ಹಗಲು ಬೆಳಕಿನಲ್ಲಿ ನೋಡಬೇಕು.

ಬಚ್ಚಲುಮನೆಗೆ ಮಾರ್ಬಲ್ ಹಾಕಿಸುತ್ತೀರಾ, ಹಾಕಿಸಿ. ಅಡುಗೆ ಕಟ್ಟೆಗೆ ಅಂದರೆ ಸ್ವಲ್ಪ ತಡೆದು ಯೋಚಿಸಿ. ಮಾರ್ಬಲ್ ಹೆಚ್ಚಿನ ಪಾಲು ಕ್ಯಾಲ್ಸಿಯಂ ಕಾರ್ಬೊನೇಟ್. ಹುಳಿ ತಾಗಿದರೆ ಅದರ ಮೈ ಕರಗುತ್ತದೆ. ನಿಂಬೆಹಣ್ಣು ಹೆಚ್ಚಿ ಹೋಳು ಅಲ್ಲೇ ಬಿಟ್ಟು ಹೋದರೆ ಸಾಕು, ಹೊಳಪು ಹೋಗಿ ಮಂಕು ಮಚ್ಚೆ ಕೂರುತ್ತದೆ. ಅದು ಕಲೆಯಲ್ಲ, ಎಷ್ಟು ತಿಕ್ಕಿದರೂ ಹೋಗಲ್ಲ. ಕಲ್ಲೇ ಸವೆದಿರುತ್ತದೆ. ಕಲೆ ತಡೆಯಲು ಹಚ್ಚುವ ದ್ರಾವಣ, ಸೀಲರ್, ಹಚ್ಚಿಸಿದ್ದೇವಲ್ಲ ಅಂತ ಕೆಲವರಿಗೆ ಧೈರ್ಯ. ಎಣ್ಣೆ, ಕಾಫಿ ಒಳಗಿಳಿಯುವುದನ್ನು ಸೀಲರ್ ತಡ ಮಾಡುತ್ತದೆ ಅಷ್ಟೇ. ಹುಳಿಯ ಮುಂದೆ ಅದರ ಆಟ ನಡೆಯಲ್ಲ. ಗಟ್ಟಿತನದ ಮೋಸ್ ಅಳತೆಯಲ್ಲಿ ಮಾರ್ಬಲ್ 3ರ ಆಸುಪಾಸು, ಗ್ರಾನೈಟ್ 6ರಿಂದ 7. ಮಾರ್ಬಲ್ ಮೇಲೆ ಚಾಕು ಎಳೆದರೆ ಗೀರು ಬಿದ್ದೇ ಬೀಳುತ್ತದೆ. ಇಷ್ಟು ಹೇಳಿದ ಮೇಲೂ ಬೇಕೇ ಬೇಕು ಅಂದರೆ ಕನ್ನಡಿ ಹೊಳಪಿನದು ಬೇಡ, ಮಂದ ಪಾಲಿಶಿನದು ತೆಗೆದುಕೊಳ್ಳಿ. ಅದರಲ್ಲಿ ಮಚ್ಚೆ ಅಷ್ಟಾಗಿ ಎದ್ದು ಕಾಣಲ್ಲ. ಬಚ್ಚಲಿನ ನೆಲಕ್ಕೂ ಅದೇ ಸರಿ, ಕಾಲು ಜಾರುವುದು ಕಮ್ಮಿ.

ಈಗ ನೀರಿನ ವಿಷಯ. ನಮ್ಮ ಮಾವನವರು ಮನೆ ಕಟ್ಟಿಸುವಾಗ ಒಬ್ಬರು ಹಳೇ ಮೇಸ್ತ್ರಿ ಇದ್ದರು. ಮಾತು ಕಮ್ಮಿ. ಕಲ್ಲು ನೋಡಲು ಹೋದರೆ ಜೊತೆಗೆ ಒಂದು ಚೊಂಬು, ಎರಡು ಹಳೇ ಬಟ್ಟೆ. ನಾವೆಲ್ಲ ಬಣ್ಣ ನೋಡುತ್ತಾ ನಿಂತರೆ ಅವರು ಕಲ್ಲಿಗೆ ನೀರು ಹೊಯ್ಯುತ್ತಿದ್ದರು. ಅದನ್ನು ನಾನು ಕಲಿತುಕೊಂಡೆ, ಇವತ್ತಿಗೂ ಬಿಟ್ಟಿಲ್ಲ.

ಸ್ಲ್ಯಾಬನ್ನು ಸಾಲಿನಿಂದ ಈಚೆಗೆ ತೆಗೆಸಿ, ಅಂಚಿನ ಮೇಲೆ ನಿಲ್ಲಿಸಲು ಹೇಳಿ. ಮೊದಲು ಒಣ ಬಟ್ಟೆಯಲ್ಲಿ ಧೂಳು ಒರೆಸಿ. ಧೂಳಿನ ಮೇಲೇ ನೀರು ಹೊಯ್ದರೆ ಕೆಸರಾಗುತ್ತದೆ, ಏನೂ ಕಾಣಲ್ಲ. ಆಮೇಲೆ ಮೇಲಿನ ಅಂಚಿನಿಂದ ಒಂದೇ ಸಮನೆ ನೀರು ಇಳಿಸಿ, ಮೈಯೆಲ್ಲ ನೆನೆಯಬೇಕು. ಒದ್ದೆಯಾದಾಗ ಗೆರೆ, ಬಣ್ಣ ಎಲ್ಲ ಗಾಢವಾಗಿ ಎದ್ದು ಬರುತ್ತವೆ. ಬಚ್ಚಲಿನಲ್ಲಿ ದಿನಾ ಕಾಣುವುದು ಆ ಮುಖವೇ, ಅದು ನಿಮಗೆ ಇಷ್ಟವಾಗಬೇಕು. ಈಗ ಎರಡನೇ ಬಟ್ಟೆಯಲ್ಲಿ ಒಂದೇ ಸಲ ಒರೆಸಿ ಪಕ್ಕಕ್ಕೆ ನಿಂತುಕೊಳ್ಳಿ. ನೆಟ್ಟಗೆ ಎದುರಿಗಲ್ಲ, ಓರೆಯಾಗಿ ಬೆಳಕು ಬೀಳುವ ಕಡೆ. ಫೋನ್ ತೆಗೆಯಬೇಡಿ, ಕಲ್ಲನ್ನೇ ನೋಡಿ. ಮೈ ಮೊದಲು ಒಣಗುತ್ತದೆ. ಬಿರುಕಿನೊಳಗೆ ಇಳಿದ ನೀರು ಅಷ್ಟು ಬೇಗ ಒಣಗಲ್ಲ. ಸುತ್ತ ಎಲ್ಲ ಬೆಳ್ಳಗಾದ ಮೇಲೂ ಕೂದಲೆಳೆಯಷ್ಟು ಕಪ್ಪು ಗೆರೆ ಉಳಿದುಬಿಡುತ್ತದೆ. ಅದರ ಮೇಲೆ ಅಡ್ಡಲಾಗಿ ಉಗುರು ಎಳೆಯಿರಿ. ಕಲ್ಲಿನದೇ ಗೆರೆಯಾದರೆ ಉಗುರು ನುಣ್ಣಗೆ ದಾಟುತ್ತದೆ, ಬಿರುಕಾದರೆ ತಟ್ಟನೆ ಸಿಕ್ಕಿಕೊಳ್ಳುತ್ತದೆ. ಗೆರೆಯಲ್ಲದೆ ಅಗಲವಾಗಿ ಒಂದು ಕಡೆ ಮಾತ್ರ ಕಪ್ಪಾಗಿ ಉಳಿದರೆ ಆ ಜಾಗ ನೀರು ಕುಡಿಯುತ್ತದೆ ಅಂತ ಲೆಕ್ಕ. ಅದನ್ನು ಸಿಂಕಿನ ಹತ್ತಿರಕ್ಕೆ ಬರದ ಹಾಗೆ ಕತ್ತರಿಸಲು ಹೇಳಿ. ಕೊನೆಗೆ ಬೆರಳ ಗೆಣ್ಣಿನಲ್ಲಿ ಅಲ್ಲಲ್ಲಿ ಕುಟ್ಟಿ. ಚೆನ್ನಾಗಿರುವ ಕಲ್ಲು ಕಣಕಣ ಅನ್ನುತ್ತದೆ, ಒಳಗೆ ಸೀಳಿದ್ದರೆ ಒಡಕು ಮಡಕೆಯ ಸದ್ದು. ಹಿಂಬದಿಗೂ ಇಷ್ಟೇ ಮಾಡಿ. ಕಲ್ಲಿಗೆ ಬಲ ಕೊಡುವ ನಾರಿನ ಬಲೆ ಅಂಟಿಸಿದ್ದರೆ ಗಾಬರಿ ಬೇಡ, ಆದರೆ ಯಾಕೆ ಅಂಟಿಸಿದ್ದೀರಿ ಅಂತ ಕೇಳಿ. ಅಂಗಡಿಯವರು ಮುಖ ಸಿಂಡರಿಸುತ್ತಾರೆ, ಸಿಂಡರಿಸಲಿ. ದುಡ್ಡು ನಿಮ್ಮದಲ್ವಾ? ಒಪ್ಪಿಗೆಯಾದ ಸ್ಲ್ಯಾಬಿನ ಅಂಚಿಗೆ ಪೆನ್ಸಿಲ್ಲಿನಲ್ಲಿ ಗುರುತು ಹಾಕಿ, ಈಗ ಬೇಕಾದರೆ ಫೋಟೋ ತೆಗೆದುಕೊಳ್ಳಿ. ಮಾರ್ಕರ್ ಬೇಡ, ಮಸಿ ಕಲ್ಲಿನೊಳಗೆ ಇಳಿಯುತ್ತದೆ.

ಹಾಕುವ ಕೆಲಸ ಮೇಸ್ತ್ರಿಗೆ ಬಿಟ್ಟದ್ದು, ಆದರೆ ಎದುರಿಗೆ ನಿಲ್ಲುವುದು ನಿಮ್ಮ ಕೆಲಸ. ಬಚ್ಚಲಿಗೆ ವಾಟರ್‌ಪ್ರೂಫಿಂಗ್ ಆದ ಮೇಲೆ ಮೋರಿ ಮುಚ್ಚಿ 24 ಗಂಟೆ ನೀರು ನಿಲ್ಲಿಸಿ ನೋಡದೆ ಒಂದು ಕಲ್ಲೂ ಕೂರಿಸಬಾರದು. ನೆಲದ ವಾಟ, ಅಂದರೆ ಇಳಿಜಾರು, ಮೋರಿಯ ಕಡೆಗೇ ಇರಬೇಕು. ಬಿಳಿ ಮಾರ್ಬಲ್ ಕೆಳಗೆ ಬಿಳಿ ಸಿಮೆಂಟ್ ಇಲ್ಲವೇ ಬಿಳಿ ಅಂಟು, ಬೂದು ಸಿಮೆಂಟ್ ಹಾಕಿದರೆ ಅದರ ಛಾಯೆ ಮೇಲಕ್ಕೆ ಬರುತ್ತದೆ. ಹಸಿರು ಮಾರ್ಬಲ್ ಅಂತ ಮಾರುವುದು ಹೆಚ್ಚಾಗಿ ಸರ್ಪೆಂಟೈನ್ ಕಲ್ಲು. ಅದಕ್ಕೆ ನೀರು ಕಲಸಿದ ಅಂಟು ಹಾಕಿದರೆ ಬಾಗುತ್ತದೆ, ನೀರಿಲ್ಲದ ರಾಳದ ಅಂಟು, ಎಪಾಕ್ಸಿಯೇ ಬೇಕು. ಅಂಟು ಹಾಕುವ ಮುಂಚೆ ಕಲ್ಲುಗಳನ್ನು ಸುಮ್ನೆ ಹರಡಿ ಗೆರೆ ಹೊಂದಿಸಿಕೊಳ್ಳಿ. ಸಿಂಕಿಗೆ ಕೊರೆಯುವಾಗ ಒಳಮೂಲೆ ದುಂಡಗಿರಲಿ, ಚೂಪು ಮೂಲೆಯಿಂದಲೇ ಬಿರುಕು ಶುರುವಾಗುತ್ತದೆ. ಸಿಂಕಿನ ಹಿಂದೆ ಮುಂದೆ ಉಳಿಯುವ ಪಟ್ಟಿ ತುಂಬಾ ನಾಜೂಕು. ಕೊರೆದ ಕಲ್ಲನ್ನು ಮಲಗಿಸಿ ಹೊತ್ತರೆ ಅಲ್ಲೇ ಮುರಿಯುತ್ತದೆ, ನಿಲ್ಲಿಸಿಯೇ ಹೊರಬೇಕು.

ಇನ್ನು ನೆಲ ಒರೆಸುವವರಿಗೆ ಒಂದು ಮಾತು, ಮಾರ್ಬಲ್ ಇರಲಿ ಬಿಡಲಿ. ಒಂದೇ ಬಕೆಟ್ ನೀರಿನಲ್ಲಿ ಮನೆಯೆಲ್ಲ ಒರೆಸುತ್ತೀರಲ್ಲ, ಅದು ಒರೆಸುವುದಲ್ಲ, ಕೊಳೆ ಹಂಚುವುದು. ಮೊದಲು ಗುಡಿಸಿ, ನೀರು ಬದಲಾಯಿಸಿ. ಮಾರ್ಬಲ್ ಮೇಲಂತೂ ಮರಳಿನ ಕಣ ಬಟ್ಟೆಗೆ ಸಿಕ್ಕಿದರೆ ಗೀರಿನ ಮೇಲೆ ಗೀರು. ವಿನೆಗರ್, ಆ್ಯಸಿಡ್, ಕಕ್ಕಸು ತೊಳೆಯುವ ದ್ರಾವಣ ಯಾವುದೂ ಹತ್ತಿರ ಬರಬಾರದು.

ಸೀಲರಿಗೆ ಅವಸರ ಮಾಡಬೇಡಿ. ಕಲ್ಲು, ಅಂಟು, ಸಂದಿಗೆ ತುಂಬಿದ ಗ್ರೌಟ್ ಎಲ್ಲ ಚೆನ್ನಾಗಿ ಒಣಗಲಿ. ಒಳಗೆ ತೇವ ಉಳಿದರೆ ಮೈ ಮೋಡ ಕವಿದಂತೆ ಮಬ್ಬಾಗುತ್ತದೆ, ಕಬ್ಬಿಣದ ಅಂಶವಿರುವ ಬಿಳಿ ಕಲ್ಲು ಹಳದಿಗೂ ತಿರುಗಬಹುದು. ಹಚ್ಚಿದ ಮೇಲೆ ಡಬ್ಬಿಯ ಮೇಲೆ ಬರೆದಷ್ಟು ಹೊತ್ತು ಬಿಟ್ಟು, ಉಳಿದದ್ದನ್ನು ಒರೆಸಿ ತೆಗೆಯಿರಿ, ಇಲ್ಲದಿದ್ದರೆ ಅಂಟಂಟು ಪದರ ಕೂರುತ್ತದೆ. ಮತ್ತೆ ಯಾವಾಗ ಹಚ್ಚಬೇಕು ಅಂತ ಕ್ಯಾಲೆಂಡರ್ ನೋಡಬೇಡಿ. ನಾಲ್ಕು ಹನಿ ನೀರು ಹಾಕಿ, ಒಂದು ಲೋಟ ಕಾಫಿ ಕುಡಿದು ಬನ್ನಿ. ಹನಿ ಇದ್ದ ಕಡೆ ಕಲ್ಲು ಕಪ್ಪಾಗಿದ್ದರೆ ಹಚ್ಚುವ ಹೊತ್ತಾಯಿತು. ಕಾಫಿ ಲೋಟ ಮಾತ್ರ ಕಟ್ಟೆಯ ಮೇಲಿಡಬೇಡಿ.